ಕೊಹಾಗಿಯ ಓಟ

2009 ಅಕ್ಟೋಬರ್ 6, ಮಂಗಳವಾರ

ಮಿನಾಗಿ ನಗರಸಭೆಯಿಂದ ಇವತ್ತು ಟೋಕಿಯೋದ ನಮ್ಮ ಮನೆಗೆ ಒಬ್ಬ ಹೆಣ್ಣುಮಗಳು ಬಂದಿದ್ದಳು. ಹೆಸರು ಮುರೊಗಾ, ಪ್ರವಾಸೋದ್ಯಮ ವಿಭಾಗದವಳು. ವಯಸ್ಸು ಮೂವತ್ತು ದಾಟಿರಲಿಕ್ಕಿಲ್ಲ. ಬೂಟು ಬಿಚ್ಚಿ, ತುದಿಯನ್ನು ಬಾಗಿಲ ಕಡೆ ತಿರುಗಿಸಿ ಜೋಡಿಸಿಟ್ಟ ರೀತಿಯಲ್ಲೇ ಮನೆಯವರು ತಿದ್ದಿ ಬೆಳೆಸಿದ ಹುಡುಗಿ ಎಂದು ಗೊತ್ತಾಯಿತು. ಹಾಗಾಗಿ ಬೈಯುವುದು ಸ್ವಲ್ಪ ಕಷ್ಟವಾಯಿತು. ಆದರೂ ಬೈದೆ.

ನಮ್ಮ ಹುಟ್ಟೂರಿನ ರೈಲು ನಿಲ್ದಾಣದ ಮುಂದೆ ಕೊಹಾಗಿಯ ಕಂಚಿನ ಪ್ರತಿಮೆ ನಿಲ್ಲಿಸುತ್ತಾರಂತೆ. ಕೊಹಾಗಿ ಎಂದರೆ ಶೋಹೇ ಅಣ್ಣನ ಚಿತ್ರಕಥೆಯ ಓಲೆಕಾರ ಹುಡುಗಿ. ಹಳೆಯ ಕಾಲದ ಹೆದ್ದಾರಿಗಳಲ್ಲಿ ಪತ್ರ ಹೊತ್ತು ಓಡುವವಳು. ಟಿವಿಯಲ್ಲಿ ಅವಳ ಓಟ ನೋಡಿ ಬೆಳೆದ ಮಕ್ಕಳೇ ಈಗ ಎಲ್ಲ ನಗರಸಭೆಗಳಲ್ಲೂ ಕುರ್ಚಿ ಹಿಡಿದಿದ್ದಾರೆ. ಅನಾವರಣ ಮಾರ್ಚ್‌ನಲ್ಲಿ. ಅದಕ್ಕೆ ಅಣ್ಣನ ಒಪ್ಪಿಗೆ ಬೇಕು. ಸಹಿಯ ಬದಲು ಒತ್ತುವ ಅಣ್ಣನ ಮೊಹರು ಈಗ ನನ್ನ ಪೆಟ್ಟಿಗೆಯಲ್ಲಿದೆ, ಅಂದರೆ ನನ್ನ ಒಪ್ಪಿಗೆಯೂ ಬೇಕು.

"1955ರಲ್ಲಿ ನಿಮ್ಮೂರಲ್ಲಿ ಏನಾಯ್ತು ಗೊತ್ತಾ?" ಎಂದೆ.

"ನಾನಿನ್ನೂ ಹುಟ್ಟಿರ್ಲಿಲ್ಲ ಅಮ್ಮಾ."

"ನಾನೂರು ವರ್ಷದ ಹಿಂದೆ ಸೆಕಿಗಾಹಾರಾ ಯುದ್ಧ ಆದಾಗ್ಲೂ ನೀನು ಹುಟ್ಟಿರ್ಲಿಲ್ಲ. ಅದು ಗೊತ್ತಲ್ಲ?"

ಒಳಗಿನ ಹಾಸಿಗೆಯಿಂದ ಅಣ್ಣ ಕೂಗಿದ. "ಫುಮೀ, ಮೊದ್ಲು ಹುಡುಗೀಗೆ ಚಹಾ ಕೊಡು. ಯುದ್ಧ ಆಮೇಲೆ."

ಚಹಾ ಕೊಟ್ಟೆ, ಆಮೇಲೆ ಹೇಳಿದೆ. ಆಗ ದೇಶದಲ್ಲೆಲ್ಲ ತಾಯಂದಿರ ಸಂಘಗಳು ಮಂಗಾ ಎಂಬ ಚಿತ್ರಕಥೆಯ ಪುಸ್ತಕ ಮಕ್ಕಳನ್ನು ಕೆಡಿಸುತ್ತದೆ ಎಂದು ಎದ್ದಿದ್ದ ಕಾಲ. ಮಿನಾಗಿಯ ಪಾಲಕರ ಸಂಘ ಬಾಡಿಗೆ ಪುಸ್ತಕದಂಗಡಿಗಳಿಂದ ಪುಸ್ತಕಗಳನ್ನು ಗುಡ್ಡೆ ಹಾಕಿಸಿ ಶಾಲೆಯಂಗಳದಲ್ಲಿ ಬೆಂಕಿ ಇಟ್ಟಿತು. ನಾನು ಆರನೆಯ ತರಗತಿ. ನಮ್ಮನ್ನು ಸಾಲಾಗಿ ನಿಲ್ಲಿಸಿ ತೋರಿಸಿದರು. ಗುಡ್ಡೆಯ ಮೇಲೆಯೇ ಇತ್ತು, ಇಪ್ಪತ್ತು ವರ್ಷದ ನನ್ನ ಅಣ್ಣ ಬರೆದ ಕೊಹಾಗಿ. ರಕ್ಷಾಪುಟದ ಮೇಲೆ 'ಅರಿಗಾ ಶೋಹೇ' ಎಂದು ನಮ್ಮ ಮನೆತನದ ಹೆಸರು. ಸಾಲಿನಲ್ಲಿದ್ದವರೆಲ್ಲ ತಿರುಗಿ ನನ್ನನ್ನು ನೋಡಿದರು.

"ನಗರಸಭೆ ಸಾರ್ವಜನಿಕವಾಗಿ ಕ್ಷಮೆ ಕೇಳ್ಬೇಕು. ಆಮೇಲೆ ಪ್ರತಿಮೆ," ಎಂದೆ. ಮುರೊಗಾ ಬರೆದುಕೊಂಡಳು.

ಮುಂದೆ ನನಗೇ ಗೊಂದಲವಾಗಬಾರದೆಂದು ಒಂದು ಮಾತು ಬರೆದಿಡುತ್ತೇನೆ. ನಾನು ಮಂಗಾ ಓದುವವಳಲ್ಲ. ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. ಅಣ್ಣನ ಕಲೆಯ ಬಗ್ಗೆ ನನಗೆ ಅಭಿಪ್ರಾಯವಿಲ್ಲ. ಅವನಿಗಾದ ಅನ್ಯಾಯದ ಬಗ್ಗೆ ಇದೆ.

ಅಕ್ಟೋಬರ್ 9, ಶುಕ್ರವಾರ

ಆಸ್ಪತ್ರೆ. ಮೇದೋಜೀರಕದ ಗೆಡ್ಡೆ ಯಕೃತ್ತಿಗೂ ಹಬ್ಬಿದೆ. ವೈದ್ಯರು ತುಂಬ ಮರ್ಯಾದೆಯಿಂದ ಮಾತಾಡಿದರು. ನಮ್ಮ ದೇಶದಲ್ಲಿ ಮರ್ಯಾದೆ ಜಾಸ್ತಿಯಾದಷ್ಟೂ ಸುದ್ದಿ ಕೆಟ್ಟದ್ದು.

"ಹೊಸ ವರ್ಷದ ಊಟ ಮಾಡ್ತೀನಾ?" ಅಣ್ಣ ಕೇಳಿದ.

"ಮಾಡ್ತೀರಿ."

"ಮಾರ್ಚ್?"

ವೈದ್ಯರು ಕಂಪ್ಯೂಟರ್ ಪರದೆ ನೋಡಿದರು.

ಬಸ್ಸಿನಲ್ಲಿ ಅಣ್ಣ ಅಂದ: "ಆ ಪ್ರತಿಮೆ ನೋಡಿ ಒಂದ್ಸಲ ನಗ್ಬೇಕಲ್ಲೇ ಫುಮಿ. ಇಂಥವೆಲ್ಲ ಯಾವಾಗ್ಲೂ ವಕ್ರವಕ್ರವಾಗೇ ಬರೋದು."

ಅನ್ಯಾಯಕ್ಕೆ ಗಡುವಿಲ್ಲ, ಐವತ್ತು ವರ್ಷ ಕಾದಿದ್ದೇವೆ, ಇನ್ನೂ ಕಾಯಬಹುದು ಎಂದೆ.

ಅಕ್ಟೋಬರ್ 20, ಮಂಗಳವಾರ

ನಗರಸಭೆಯ ಉತ್ತರ ಬಂತು. "ಸಂಬಂಧಪಟ್ಟ ಎಲ್ಲೆಡೆ ವಿಚಾರಿಸಲಾಗಿ, ತಾವು ತಿಳಿಸಿದ ಘಟನೆ ನಡೆದ ಬಗ್ಗೆ ಯಾವುದೇ ದಾಖಲೆ ಕಂಡುಬಂದಿಲ್ಲ." ಕೆಳಗೆ ನಗರಾಧ್ಯಕ್ಷ ಕುರಿಹಾರಾ ಅವರ ಮೊಹರು.

ದಾಖಲೆ ಇಲ್ಲವಂತೆ! ನಾನು ಜೀವಮಾನವೆಲ್ಲ ಮಕ್ಕಳಿಗೆ ಕಲಿಸಿದ್ದೇ ಇದನ್ನು. ದಾಖಲೆ ಇಲ್ಲದ್ದು ನಡೆದಿಲ್ಲ ಎಂದಲ್ಲ, ದಾಖಲೆ ಬರೆಯುವ ಕುರ್ಚಿಯಲ್ಲಿ ಯಾರು ಕೂತಿದ್ದರು ಎಂದು ಕೇಳಿ ಅಂತ. 1945ರಲ್ಲಿ ಯುದ್ಧ ಸೋತ ವಾರ ಇದೇ ದೇಶದ ಕಚೇರಿಗಳ ಹಿತ್ತಿಲಲ್ಲಿ ಕಾಗದ ಸುಟ್ಟ ಹೊಗೆ ಎಷ್ಟು ದಿನ ಆಡಿತೆಂದು ಅಪ್ಪ ಹೇಳುತ್ತಿದ್ದರು. ಸುಡುವುದರಲ್ಲಿ ನಾವು ನಿಪುಣರು. ಸುಟ್ಟಿಲ್ಲ ಎನ್ನುವುದರಲ್ಲಿ ಇನ್ನೂ ನಿಪುಣರು. ಒಂದು ಪೀಳಿಗೆ ಬೆಂಕಿ ಇಡುತ್ತದೆ, ಮುಂದಿನದು ಬೂದಿ ಗುಡಿಸುತ್ತದೆ, ಮೂರನೆಯದು ಅಲ್ಲಿ ಪ್ರತಿಮೆ ನಿಲ್ಲಿಸಿ ಟಿಕೆಟ್ ಹರಿಯುತ್ತದೆ.

ಪತ್ರಿಕೆಯ ಓದುಗರ ಅಂಕಣಕ್ಕೆ ಬರೆಯಬೇಕು. ಇದುವರೆಗೆ ನನ್ನ ಪತ್ರಗಳನ್ನು ಅವರು ಬಹಳ ಪ್ರಕಟಿಸಿದ್ದಾರೆ. ಬಾಲವಾಡಿಗಳ ಕೊರತೆ, ಪಠ್ಯಪುಸ್ತಕದ ಸುಳ್ಳು, ಉದ್ಯಾನದ ಬೆಂಚುಗಳ ಮೇಲೆ ಯಾರೂ ಮಲಗದಂತೆ ಹಾಕುವ ಕಬ್ಬಿಣದ ತಡೆ. ಇದನ್ನೂ ಪ್ರಕಟಿಸುತ್ತಾರೆ.

ಅಣ್ಣ ಇವತ್ತು ಗಂಜಿ ಮಾತ್ರ ತೆಗೆದುಕೊಂಡ.

ನವೆಂಬರ್ 3, ಸಂಸ್ಕೃತಿ ದಿನದ ರಜೆ

ತಾಚಿಕಾವಾ ಬಂದಿದ್ದರು. ಟಿವಿಗೆ ಕೊಹಾಗಿ ಮಾಡಿದ ಕಾಲದಲ್ಲಿ ಅಣ್ಣನ ಸ್ಟುಡಿಯೋದಲ್ಲಿ ಪಕ್ಕದ ಮೇಜಿನವರು. ಎಪ್ಪತ್ತು ವರ್ಷದ ಮನುಷ್ಯ, ಈಗಲೂ ದಿನಾ ಅನಿಮೇಷನ್ ಕಂಪನಿಗೆ ಹೋಗಿ ಹುಡುಗರ ಚಿತ್ರ ತಿದ್ದುತ್ತಾರೆ.

"ಶೋಹೇ ಅಣ್ಣಾ, ಇನ್ನೂ ಇದ್ದೀಯಾ?"

"ನಿನ್ನ ಸಾಲ ವಸೂಲಾಗೋವರೆಗೂ ಇರ್ತೀನಿ."

"ಹಂಗಾದ್ರೆ ಚಿರಂಜೀವಿ ನೀನು."

ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರದಲ್ಲಿ ಏನೋ ತೋರಿಸಿದರು. ಫ್ರಾನ್ಸ್‌ನ ವಿದ್ಯಾರ್ಥಿಗಳು ಮಾಡಿದ ಚಿತ್ರವಂತೆ, ಒಬ್ಬ ಮುದುಕ ಬಸ್ಸಿನ ಹಿಂದೆ ಓಡುತ್ತಾನೆ. ಆಮೇಲೆ ಕೊರಿಯಾದ್ದೊಂದು, ಅಮೆರಿಕದ್ದೊಂದು. ಎಲ್ಲರೂ ಒಂದೇ ಥರ ಓಡುತ್ತಿದ್ದರು. ನಾನು ಹಾಗೆಂದಾಗ ತಾಚಿಕಾವಾ ಚಪ್ಪಾಳೆ ತಟ್ಟಿದರು.

"ನೋಡಿದ್ಯಾ, ಫುಮಿ ಅವ್ರಿಗೂ ಕಾಣ್ತು! ಇದನ್ನ ಹುಡುಗರು 'ಅರಿಗಾ ಓಟ' ಅಂತಾರೆ. ಒಂದು ಚಿತ್ರ ಇರ್ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ನಿಂತುಬಿಡುತ್ತೆ. ಇನ್ನೇನು ಬಿದ್ಲು ಅನ್ನೋವಾಗ ಎರಡು ಚಿತ್ರ ಹಾರಿ ಮುಂದಿರ್ತಾಳೆ. ನಮ್ಮ ಕಣ್ಣು ಆ ತಪ್ಪಿಹೋದ ಎರಡನ್ನ ತಾನೇ ಬರ್ಕೊಳುತ್ತೆ."

ಅಮೆರಿಕದ ದೊಡ್ಡ ಸಿನಿಮಾಗಳಲ್ಲಿ ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ ಬರೆಯುತ್ತಿದ್ದರಂತೆ, ಇವರು ಎಂಟು. ಅದನ್ನು ವಿದ್ವಾಂಸರು ಕೆಲವರು ಬಡತನದ ತಂತ್ರ ಎನ್ನುತ್ತಾರೆ, ಕೆಲವರು ಝೆನ್ ಶೂನ್ಯ ಎನ್ನುತ್ತಾರೆ. ಹೋದ ತಿಂಗಳು ಪತ್ರಿಕೆಯಲ್ಲಿ ಒಬ್ಬರು ಅರ್ಧ ಪುಟ ಶೂನ್ಯದ ಬಗ್ಗೆಯೇ ಬರೆದಿದ್ದರು. ಶೂನ್ಯಕ್ಕೆ ಅರ್ಧ ಪುಟ ಹೆಚ್ಚಾಯಿತು.

"ಎಲ್ಲಿ ಕಲಿತೆ ಅದನ್ನ?" ತಾಚಿಕಾವಾ ಕೇಳಿದರು. "ನಲವತ್ತು ವರ್ಷದಿಂದ ಕೇಳ್ತಿದ್ದೀನಿ. ಈಗಾದ್ರೂ ಹೇಳು ಮಾರಾಯ."

"ನಿದ್ದೆ ಬರ್ತಿತ್ತು. ಎರಡು ಚಿತ್ರ ಕಮ್ಮಿ ಬರ್ದೆ," ಅಂದ ಅಣ್ಣ.

ಬಾಗಿಲವರೆಗೆ ಕಳಿಸಲು ಹೋದಾಗ ತಾಚಿಕಾವಾ ಬೂಟಿನ ದಾರ ಕಟ್ಟುತ್ತಲೇ ಕೂತುಬಿಟ್ಟರು. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ.

ನವೆಂಬರ್ 14, ಶನಿವಾರ

ಒಪ್ಪಿಗೆ ಕೊಟ್ಟಿಲ್ಲ, ಆದರೂ ಮುರೊಗಾ ಪ್ರತಿಮೆಯ ಮಣ್ಣಿನ ಮಾದರಿಯನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ಬಂದಿದ್ದಳು. "ಶೋಹೇ ಮೇಷ್ಟ್ರು ಒಂದ್ಸಲ ನೋಡ್ಲಿ ಅಂತ ಅಮ್ಮಾ. ನೋಡೋಕೆ ಒಪ್ಪಿಗೆ ಬೇಡ ಅಲ್ವಾ?"

ಈ ಹುಡುಗಿ ನಾನಂದುಕೊಂಡಷ್ಟು ಮೆತ್ತಗಿಲ್ಲ.

ಬಟ್ಟೆ ಬಿಚ್ಚಿದಳು. ಮೊಣಕಾಲೆತ್ತರದ ಕೊಹಾಗಿ, ಓಡುತ್ತಿದ್ದಾಳೆ, ಚೆನ್ನಾಗಿಯೇ ಇತ್ತು. ಆಮೇಲೆ ಕೊರಳ ಹತ್ತಿರ ನೋಡಿದೆ. ಕಿಮೊನೊದ ಬಲಭಾಗ ಎಡಭಾಗದ ಮೇಲೆ ಬಂದಿತ್ತು.

ಜೀವ ಇರುವವರು ಯಾರೂ ಹಾಗೆ ಉಡುವುದಿಲ್ಲ. ಹಾಗೆ ಉಡಿಸುವುದು ಹೆಣಕ್ಕೆ.

ನಾನು ಬಾಯಿ ತೆರೆಯುವ ಮೊದಲೇ ಅಣ್ಣನೂ ನೋಡಿದ್ದ. ದಿಂಬಿಗೊರಗಿ ನಗಲು ಶುರು ಮಾಡಿದವನು ಕೆಮ್ಮು ಬಂದು, ಕಣ್ಣಲ್ಲಿ ನೀರು ಬಂದು, ಹೊಟ್ಟೆ ಹಿಡಿದುಕೊಂಡರೂ ನಿಲ್ಲಿಸಲಿಲ್ಲ.

"ಸುಟ್ರೂ ಸಾಯ್ಲಿಲ್ಲ ಅಂತ ಈಗ ಮಣ್ಣು ಮಾಡೋಕೆ ಹೊರಟ್ರಾ?"

ಮುರೊಗಾ ಮೂರು ಸಲ ನೋಡಿದಳು, ತನ್ನ ಕೊರಳು ಮುಟ್ಟಿ ನೋಡಿಕೊಂಡಳು, ಅರ್ಥವಾದ ಮೇಲೆ ಮುಖ ಕಾಗದದಂತೆ ಬಿಳಿಚಿತು. ಶಿಲ್ಪಿ ಕೊಹಾಗಿಯ ಇಡೀ ಮೈ ಕಾಣುವ ದೊಡ್ಡ ಚಿತ್ರಕ್ಕಾಗಿ ಅಮೆರಿಕದಲ್ಲಿ ಅಚ್ಚಾದ ಪುಸ್ತಕ ತರಿಸಿದ್ದನಂತೆ. ನಾವು ಓದುವುದು ಬಲದಿಂದ ಎಡಕ್ಕೆ, ಅಲ್ಲಿಯವರು ಎಡದಿಂದ ಬಲಕ್ಕೆ, ಅದಕ್ಕಾಗಿ ಆ ಕಾಲದಲ್ಲಿ ಪುಟಗಳನ್ನೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅಚ್ಚು ಹಾಕುತ್ತಿದ್ದರು. ಇಡೀ ಪುಸ್ತಕದಲ್ಲಿ ಎಲ್ಲರೂ ಎಡಗೈಯಲ್ಲಿ ಕತ್ತಿ ಹಿಡಿದ ಶವಗಳು. ಮೂಲಕ್ಕೆ ಕೂದಲೆಳೆಯಷ್ಟೂ ತಪ್ಪಬಾರದು ಎಂದು ನಗರಸಭೆ ಶಿಲ್ಪಿಗೆ ಕಟ್ಟಪ್ಪಣೆ ಮಾಡಿತ್ತಂತೆ. ಅವನು ತಪ್ಪಲಿಲ್ಲ.

"ಹೆದರ್ಬೇಡಮ್ಮ," ಅಣ್ಣ ಅವಳಿಗೆ ಹೇಳಿದ. "ಕಾಲು ಚೆನ್ನಾಗಿ ಬಂದಿದೆ. ಕಾಲು ಸರಿಯಿದ್ರೆ ಸಾಕು."

ನಾನು ಸಂಜೆಯೇ ನಗರಾಧ್ಯಕ್ಷರಿಗೆ ಪತ್ರ ಬರೆದೆ. ಮರ್ಯಾದೆಯನ್ನು ಎಷ್ಟು ಹರಿತ ಮಾಡಬಹುದೋ ಅಷ್ಟು ಮಾಡಿದೆ.

ನವೆಂಬರ್ 15, ಭಾನುವಾರ

ಪತ್ರ ಹಾಕುವ ಮೊದಲು ಆಧಾರ ಬೇಕೆಂದು ಅಣ್ಣನ ಕಪಾಟಿನಿಂದ ಕೊಹಾಗಿಯ ಸಂಪುಟಗಳನ್ನು ತೆಗೆದೆ. ಇವು ಆಮೇಲೆ ದೊಡ್ಡ ಪತ್ರಿಕೆಗೆ ಹೊಸದಾಗಿ ಬರೆದವು. ಸುಟ್ಟ ಬಾಡಿಗೆ ಪುಸ್ತಕಗಳ ಒಂದು ಪ್ರತಿಯೂ ಎಲ್ಲೂ ಉಳಿದಿಲ್ಲ. ಕೊರಳು ಎಲ್ಲ ಕಡೆ ಸರಿಯಾಗಿಯೇ ಇದೆ, ಎರಡನೆಯ ಸಂಪುಟದಲ್ಲೂ, ಐದರಲ್ಲೂ. ಏಳರಲ್ಲಿ ಹಿಮದ ಕಣಿವೆಯಲ್ಲಿ ಪತ್ರ ಒದ್ದೆಯಾಗದಿರಲೆಂದು ಅವಳು ಅದನ್ನು ಎದೆಯೊಳಗೆ ಇಟ್ಟುಕೊಳ್ಳುವ ಕಡೆ ಮಾತ್ರ ಸ್ಪಷ್ಟವಿಲ್ಲ, ಎಂಟು ನೋಡಬೇಕಾಯಿತು. ಆಧಾರಕ್ಕಾಗಿ ಒಂಬತ್ತನ್ನೂ ನೋಡಿದೆ.

ಒಲೆಯ ಮೇಲಿಟ್ಟ ಮೂಲಂಗಿ ತಳ ಹಿಡಿಯಿತು.

ನವೆಂಬರ್ 28, ಶನಿವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಪತ್ರಿಕೆಗೆ ಬರೆದ ಪತ್ರವನ್ನು ಅಣ್ಣನಿಗೆ ಓದಿ ಹೇಳಿದೆ. ಚೆನ್ನಾಗಿ ಬಂದಿತ್ತು. "ಆ ದಿನ ಮಿನಾಗಿಯ ಆಕಾಶವನ್ನು ಕವಿದ ಕಪ್ಪು ಹೊಗೆ ಇಂದಿಗೂ ತಿಳಿಯಾಗಿಲ್ಲ" ಎಂಬಲ್ಲಿಗೆ ಬಂದಾಗ ಅಣ್ಣ ಕಣ್ಣು ಮುಚ್ಚಿಕೊಂಡೇ ಅಂದ:

"ಹೊಗೆ ಇರ್ಲಿಲ್ಲ."

"ಏನು?"

"ವಾರದಿಂದ ಮಳೆ ಇರ್ಲಿಲ್ಲ. ಬಾಡಿಗೆ ಪುಸ್ತಕದ ಕಾಗದ ಗೊತ್ತಲ್ಲ, ಹಪ್ಪಳದ ಥರ. ಹೊಗೆ ಇಲ್ದೆ ಧಗ್ಗಂತ ಹತ್ಕೊಂಡ್ತು."

"ನಿನಗೆ ಹೇಗೆ ಗೊತ್ತು? ನೀನಾಗ ಸಿನಿಮಾ ಮಂದಿರದ ಬೋರ್ಡಿಗೆ ಬಣ್ಣ ಹಚ್ಚೋಕೆ ಹೋಗಿದ್ದೆ. ಅಮ್ಮ ಹೇಳಿದ್ರು."

"ಅಮ್ಮಂಗೆ ಹಾಗೆ ಹೇಳಿದ್ದೆ. ಬೇಲಿ ಆಚೆ ಸೈಕಲ್ ಹಿಡ್ಕೊಂಡು ನಿಂತಿದ್ದೆ. ನಿನ್ನೂ ನೋಡ್ದೆ. ಸಾಲಲ್ಲಿ ನೀನೊಬ್ಳೇ ತಲೆ ಬಗ್ಗಿಸಿರ್ಲಿಲ್ಲ."

ಐವತ್ತನಾಲ್ಕು ವರ್ಷ ಇವನು ಇದನ್ನು ನನಗೆ ಹೇಳಿರಲಿಲ್ಲ. ನಾನು ಕಾಗದ ಕೆಳಗಿಟ್ಟೆ.

ಅವನು ಹೇಳಿದ್ದು ಹೀಗೆ. ಗುಡ್ಡೆಯ ಮೇಲೆ ಅವನ ಮೂರನೆಯ ಭಾಗ ತೆರೆದು ಬಿದ್ದಿತ್ತು, ಕೊಹಾಗಿ ಪುಟಪುಟಕ್ಕೂ ಓಡುವ ಜಾಗ. ಬೆಂಕಿ ಮೇಲೆ ಬರುವ ಮೊದಲು ಬಿಸಿಗಾಳಿ ಬಂತು. ಪುಟಗಳು ತಾವಾಗಿಯೇ ಮಗುಚತೊಡಗಿದವು. ಒಂದು ಪುಟ ಎದ್ದು, ಅಂಟಿಕೊಂಡಂತೆ ಹಾಗೇ ನಿಂತಿತು. ಆಮೇಲೆ ಎರಡು ಮೂರು ಒಟ್ಟಿಗೆ ಹಾರಿದವು. ಮತ್ತೆ ಒಂದು ನಿಂತಿತು, ಮತ್ತೆ ಹಾರಿದವು.

"ಅವಳು ಓಡಿದ್ಲು ಕಣೇ," ಅಣ್ಣ ಅಂದ. "ನಾನು ಬರ್ದಿದ್ದು ನಿಂತಿರೋ ಚಿತ್ರ. ಅವತ್ತು ಓಡಿದ್ಲು. ಬೆಂಕಿ ಮುಟ್ಟೋವರೆಗೂ ಓಡಿದ್ಲು."

ಅದಾದ ಮೇಲೆ ಟೋಕಿಯೋಗೆ ಬಂದು, ಅನಿಮೇಷನ್ ಕಲಿತು, ಹನ್ನೊಂದು ವರ್ಷ ಆ ಓಟ ಹಿಡಿಯಲು ನೋಡಿದನಂತೆ. ಸಮನಾಗಿ ಇಪ್ಪತ್ತನಾಲ್ಕು ಚಿತ್ರ ಬರೆದರೆ ಅದು ಬರುತ್ತಿರಲಿಲ್ಲ. ಒಂದು ನಿಲ್ಲಬೇಕು, ಎರಡು ಹೋಗಿಬಿಡಬೇಕು.

ನನಗೆ ಸಿಟ್ಟು ಬಂತು. "ಅಂದ್ರೆ ಅವರಿಗೆ ನೀನು ಕೃತಜ್ಞನಾ?"

"ಥೂ. ಎರಡು ವರ್ಷ ಕಷ್ಟಪಟ್ಟು ಬರ್ದಿದ್ದು. ಸೈಕಲ್ ಹ್ಯಾಂಡಲ್ ಹಿಡ್ದು ಹಿಡ್ದು ಅಂಗೈ ಗುಳ್ಳೆ ಎದ್ದಿತ್ತು. ಆದ್ರೆ ಕಂಡಿದ್ದು ಕಂಡೆ. ಕಾಣ್ಲಿಲ್ಲ ಅನ್ನೋಕಾಗುತ್ತಾ?"

ಪುಟ ಎದ್ದು ನಿಂತಿತು ಎಂದಾಗ ಅವನ ಕೈ ಹೊದಿಕೆಯ ಮೇಲೆ ಎದ್ದು ಹಾಗೇ ನಿಂತದ್ದನ್ನು ಮರೆಯಬಾರದೆಂದು ಬರೆದಿಡುತ್ತೇನೆ.

ನವೆಂಬರ್ 29, ಭಾನುವಾರ

ಪತ್ರಿಕೆಗೆ ಪತ್ರ ಹಾಕಲಿಲ್ಲ. ಅಂಚೆಚೀಟಿ ಮುಗಿದಿತ್ತು.

ಡಿಸೆಂಬರ್ 5, ಶನಿವಾರ

ನಗರಾಧ್ಯಕ್ಷ ಕುರಿಹಾರಾ ಖುದ್ದಾಗಿ ಬಂದರು. ಕಪ್ಪು ಸೂಟು, ಹಿಂದೆ ಮುರೊಗಾ, ಕೈಯಲ್ಲಿ ಒಳ್ಳೆಯ ಅಂಗಡಿಯ ಸಿಹಿಯ ಪೆಟ್ಟಿಗೆ. ಸುಮಾರು ಅರವತ್ತರ ಮನುಷ್ಯ. ಅಣ್ಣನ ಹಾಸಿಗೆಯ ಮುಂದೆ ಮಂಡಿಯೂರಿ, ಎರಡೂ ಅಂಗೈ ಚಾಪೆಗೆ ಊರಿ, ಹಣೆ ತಾಗುವಷ್ಟು ಬಗ್ಗಿದರು.

"ಕೊರಳಿನ ವಿಷಯದಲ್ಲಿ ಅಕ್ಷಮ್ಯ ಅಪಚಾರ ಆಗಿದೆ. ಇಡೀ ನಗರದ ಪರವಾಗಿ ಕ್ಷಮೆ ಕೇಳ್ತಿದ್ದೀನಿ ಮೇಷ್ಟ್ರೇ."

ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ಇಡೀ ನಗರದ ಪರವಾಗಿ! ನನಗೆ ತಡೆಯಲಾಗಲಿಲ್ಲ.

"ನಾಲ್ಕು ಬೆರಳಗಲ ಮಣ್ಣಿಗೆ ಇಷ್ಟು ಬಗ್ಗಿದ್ರಲ್ಲ ಅಧ್ಯಕ್ಷರೇ, ಒಂದು ಗುಡ್ಡೆ ಪುಸ್ತಕಕ್ಕೆ ಎಷ್ಟು ಬಗ್ತೀರಿ? ನೆಲ ಅಗೆಯೋಕೆ ಹೇಳ್ಲಾ?"

ಮುರೊಗಾ ಕೆಮ್ಮಿದಳು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತು.

ಕುರಿಹಾರಾ ಎದ್ದು ಕೂತರು. ಮುಖದಲ್ಲಿದ್ದ ಅಧಿಕಾರದ ಬಿಗಿ ಇಳಿದಿತ್ತು. "ದಾಖಲೆ ಇಲ್ಲ ಅನ್ನೋದು ನಿಜ ಅಮ್ಮಾ. ಆದ್ರೆ ನನಗೆ ಗೊತ್ತಿತ್ತು. ಆಗ ಪಾಲಕರ ಸಂಘದ ಕಾರ್ಯದರ್ಶಿ ನಮ್ಮಮ್ಮ. ಕಡ್ಡಿ ಗೀರಿದ್ದು ಅವರೇ. ನನಗಾಗ ಐದು ವರ್ಷ. ಅವರಿನ್ನೂ ಇದ್ದಾರೆ, ಎಂಬತ್ನಾಲ್ಕು. ಈ ವಯಸ್ಸಲ್ಲಿ ಅವರನ್ನ ಬೀದಿಗೆ ಎಳೆಯೋಕೆ ಮನಸ್ಸು ಬರ್ಲಿಲ್ಲ."

ನನ್ನ ಬಾಯಲ್ಲಿ ಬಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟರಲ್ಲಿ ಅಣ್ಣ ಕೈ ಎತ್ತಿದ. ಐವತ್ತನಾಲ್ಕು ವರ್ಷದ ಮೇಲೆ ಅಪರಾಧಿ ಸಿಕ್ಕಿದ್ದಾಳೆ, ಮಗ ಎದುರಿಗೆ ಮಂಡಿಯೂರಿದ್ದಾನೆ, ಮತ್ತು ನನ್ನ ಅಣ್ಣ ಕೇಳಿದ್ದು ಇದೊಂದೇ:

"ಓದಿದ್ರಾ?"

"ಏನಂದ್ರಿ?"

"ನಿಮ್ಮಮ್ಮ. ಸುಡೋಕ್ ಮುಂಚೆ ಓದಿದ್ರಾ?"

ಕುರಿಹಾರಾ ಕತ್ತಿನ ಹಿಂಬದಿ ಕೆರೆದುಕೊಂಡರು. "ಕೆಟ್ಟದ್ದಾ ಒಳ್ಳೇದಾ ಅಂತ ಪರೀಕ್ಷೆ ಮಾಡೋಕೆ ಪುಸ್ತಕ ಎಲ್ಲಾ ನಮ್ಮನೇಲೇ ಇಟ್ಟಿದ್ರು. ಒಂದು ವಾರ ಓದಿದ್ರು. ಆಮೇಲೆ ಎಷ್ಟೋ ವರ್ಷ ಮಲಗೋವಾಗ ನನಗೆ ಆ ಕಥೆನೇ ಹೇಳ್ತಿದ್ರು. ಟಿವಿಲಿ ಬಂದಾಗ ಪಕ್ಕದಲ್ಲಿ ಕೂತು, 'ತಪ್ಪು, ತಪ್ಪು, ಹೀಗಿರ್ಲಿಲ್ಲ' ಅಂತ ಬೈತಿದ್ರು."

ಅಣ್ಣನ ಮುಖದಲ್ಲಿ ಅಂಥ ಬೆಳಕು ಬಂದದ್ದನ್ನು ಈ ಎರಡು ತಿಂಗಳಲ್ಲಿ ನಾನು ನೋಡಿಲ್ಲ. "ಫೋನ್ ಮಾಡಿ," ಅಂದ.

ಕುರಿಹಾರಾ ಬೆವರಿದರು. ಆದರೂ ಮಾಡಿದರು. ಅಣ್ಣನಿಗೆ ಫೋನ್ ಹಿಡಿದುಕೊಳ್ಳುವ ಶಕ್ತಿಯಿಲ್ಲ, ಧ್ವನಿ ದೊಡ್ಡದು ಮಾಡಿ ಹೊದಿಕೆಯ ಮೇಲಿಟ್ಟರು. ಇಡೀ ಕೋಣೆಗೆ ಕೇಳಿಸಿತು.

"ಯಾರು? ಚಿತ್ರದವ್ನಾ? ನಾನಪ್ಪಾ, ಯೊನೆ, ನಿನ್ನ ಪುಸ್ತಕ ಸುಟ್ಟೋಳು. ಮೊದ್ಲೇ ಹೇಳ್ಬಿಡ್ತೀನಿ, ಕ್ಷಮೆ ಗಿಮೆ ಕೇಳಲ್ಲ. ನನಗೇ ಓದ್ತಾ ಓದ್ತಾ ಅನ್ನ ಸೀದು ಹೋಯ್ತು, ಇನ್ನು ಮಕ್ಕಳು ಪಾಠ ಓದ್ತಾವಾ?"

"ಓದಲ್ಲ," ಅಣ್ಣ ಒಪ್ಪಿಕೊಂಡ.

"ಅದಿರ್ಲಿ. ಆ ನಾಯಿ! ಮೂರನೇ ಭಾಗದಲ್ಲಿ ಆ ಕುಂಟು ನಾಯಿನ ದೋಣಿಕಟ್ಟೆಲಿ ಬಿಟ್ಟು ಓಡಿಹೋದ್ಲಲ್ಲ ನಿನ್ನ ಹುಡುಗಿ. ಯಾಕೆ? ಟಿವಿಲಿ ನೋಡಿದ್ರೆ ನಾಯೀನೇ ಇಲ್ಲ! ಐವತ್ತು ವರ್ಷದಿಂದ ನನ್ನ ಹೊಟ್ಟೆ ಉರೀತಾ ಇದೆ."

"ಪುಟ ಮುಗಿದಿತ್ತಮ್ಮಾ. ನಾಲ್ಕನೇ ಭಾಗದಲ್ಲಿ ವಾಪಸ್ ಬರ್ತಾಳೆ ಅಂತಿತ್ತು."

"ನಾಲ್ಕನೇದು ಎಲ್ಲಿ?"

"ಅಂಗಡಿಯೋರು ಹೆದ್ರಿ ತಗೊಳ್ಲಿಲ್ಲ. ನೀವು ಸುಟ್ರಲ್ಲ."

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ: "ಹಂಗಾದ್ರೆ ಈಗ ಹೇಳು."

ಡಿಸೆಂಬರ್ 6, ಭಾನುವಾರ

ಕ್ಷಮೆ ಕೇಳದ ಹೆಂಗಸು. ಪಶ್ಚಾತ್ತಾಪದ ಒಂದು ಅಕ್ಷರವಿಲ್ಲ. ಅವಳಿಗೆ ಇವನು ಕಥೆ ಹೇಳುತ್ತಾನಂತೆ! ಇವತ್ತೂ ನಾಲ್ಕು ಗಂಟೆಗೆ ಫೋನ್ ಬಂತು. ನಾನು ಎದ್ದು ಅಡುಗೆಮನೆಗೆ ಹೋದೆ.

ಅಡುಗೆಮನೆಗೂ ಕೇಳಿಸುತ್ತದೆ.

ಡಿಸೆಂಬರ್ 19, ಶನಿವಾರ

ಮೊಹರು ಒತ್ತಿ ಒಪ್ಪಿಗೆ ಕಳಿಸಿದೆ. ಪ್ರತಿಮೆಯ ಕೆಳಗಿನ ಕಲ್ಲಿನಲ್ಲಿ ಸುಟ್ಟ ವಿಷಯ ಇರಬೇಕು, ಆ ವಾಕ್ಯ ನಾನೇ ಬರೆದು ಕಳಿಸುತ್ತೇನೆ ಎಂದು ಷರತ್ತು ಹಾಕಿದೆ. ಅಣ್ಣನ ಧ್ವನಿ ಇಳಿದಿದೆ, ಫೋನಿನಲ್ಲಿ ಯೊನೆ ಅವರಿಗೆ ಕೇಳುವುದಿಲ್ಲ. ಅವನು ಪಿಸುಗುಟ್ಟುತ್ತಾನೆ, ನಾನು ಜೋರಾಗಿ ಹೇಳುತ್ತೇನೆ. ಅನುವಾದಕಿಯ ಕೆಲಸ ಅಷ್ಟೇ. ಆದರೆ ಯೊನೆ ಅವರು ಎಲ್ಲೆಂದರಲ್ಲಿ ತಡೆಯುತ್ತಾರೆ. "ದೋಣಿಯವ್ನ ಹತ್ರ ಅಕ್ಕಿ ಇತ್ತಾ?" "ಆ ಊರಲ್ಲಿ ಬರ ಅಂದ್ಯಲ್ಲ, ಮತ್ತೆ ನಾಯಿ ಏನು ತಿಂತು?" ಪ್ರಶ್ನೆಗಳು ಸರಿಯಾಗಿಯೇ ಇವೆ. ಅಂಥ ಬರಗಾಲದಲ್ಲಿ ಹೆದ್ದಾರಿಯ ಊರುಗಳಲ್ಲಿ ನಾಯಿಗಳು ಉಳಿದದ್ದೇ ಅಪರೂಪ. ಅಣ್ಣನಿಗೆ ಹೇಳಿದೆ, ತಿದ್ದಿಕೊಂಡ.

ಯೊನೆ ಅವರಿಗೆ ಗಂಟಲು ನೋವಂತೆ. ಜೇನಿನಲ್ಲಿ ಮೂಲಂಗಿ ಹಾಕಿಟ್ಟು ಆ ರಸ ಕುಡಿಯಿರಿ ಎಂದೆ.

2010 ಜನವರಿ 3, ಭಾನುವಾರ

ಹೊಸ ವರ್ಷದ ಸಾರು ಮಾಡಿದೆ. ಅದರೊಳಗಿನ ಅಂಟು ಅಕ್ಕಿಮುದ್ದೆಯನ್ನು ಅಣ್ಣ ಅರ್ಧ ತಿಂದ. ತಿಂದ ಎನ್ನಬೇಕು, ಬಾಯಲ್ಲಿಟ್ಟುಕೊಂಡಿದ್ದ. ಗಂಟಲಿಗೆ ಸಿಕ್ಕೀತೆಂದು ನಾನು ಹೆದರಿ ಕೂತಿದ್ದೆ.

ಕೊಹಾಗಿ ಬೆಟ್ಟದ ಆಚೆ ಪತ್ರ ತಲುಪಿಸಿ ದೋಣಿಕಟ್ಟೆಗೆ ಹಿಂತಿರುಗಿದ್ದಾಳೆ. ನಾಯಿ ಅಲ್ಲಿಲ್ಲ.

ಜನವರಿ 19, ಮಂಗಳವಾರ

ಮುರೊಗಾ ಫೋನ್ ಮಾಡಿದ್ದಳು. ಪ್ರತಿಮೆಯ ಕೆಳಗಿನ ಕಲ್ಲಿನ ಬರಹಕ್ಕೆ ನನ್ನ ವಾಕ್ಯ ಇನ್ನೂ ತಲುಪಿಲ್ಲ, ಸುಟ್ಟ ವಿಷಯ ಹಾಕಲು ನಗರಾಧ್ಯಕ್ಷರು ಒಪ್ಪಿದ್ದಾರೆ, ಎಷ್ಟು ಉದ್ದವಾದರೂ ಆಗಬಹುದು ಅಂದಳು.

ನಾನು ಮರೆತಿದ್ದೆ. ಇದಕ್ಕಾಗಿ ಅಕ್ಟೋಬರ್‌ನಿಂದ ಹೋರಾಡಿ, ಮರೆತಿದ್ದೆ.

ನಾಲ್ಕು ಗಂಟೆಗೆ ಯೊನೆ ಅವರಿಗೆ ಹೇಳಿದೆ. "ಹಾಕಿ, ಹಾಕಿ," ಅಂದರು. "ನನ್ನ ಹೆಸರು ಬೇಕಾದ್ರೂ ಹಾಕಿ, ನಾಚಿಕೆ ಏನಿಲ್ಲ. ಆದ್ರೆ ಓದಿದ್ವಿ ಅಂತ್ಲೂ ಹಾಕ್ಬೇಕು. ಓದ್ದೆ ಸುಟ್ಟ ದಡ್ಡರು ಅಂತ ಜನ ಅಂದ್ಕೋಬಾರ್ದು."

ಮೂರು ಪುಟ ಬರೆಯಬಹುದಿತ್ತು. ಒಂದು ಸಾಲು ಬರೆದೆ. "1955ರಲ್ಲಿ ಈ ಊರಿನ ತಾಯಂದಿರು ಈ ಹುಡುಗಿಯ ಕಥೆಯನ್ನು ಓದಿದರು, ಆಮೇಲೆ ಸುಟ್ಟರು." ಅಣ್ಣನಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, "ಚೆನ್ನಾಗಿದೆ. ನಡುವೆ ಎರಡು ಚಿತ್ರ ಬಿಟ್ಟಿದ್ದೀಯ," ಅಂದ.

ನರ್ಸ್ ಈಗ ದಿನಾ ಬರುತ್ತಾಳೆ.

ಫೆಬ್ರವರಿ 4, ಗುರುವಾರ

ಮಧ್ಯಾಹ್ನದಿಂದ ಅಣ್ಣ ಕಣ್ಣು ಬಿಟ್ಟಿರಲಿಲ್ಲ. ಔಷಧಿಯ ಮಂಪರು, ಕೇಳಿಸುತ್ತಿರಬಹುದು, ಕೇಳಿಸದೆಯೂ ಇರಬಹುದು ಎಂದು ನರ್ಸ್ ಹೇಳಿ ಹೋಗಿದ್ದಳು. ನಾಲ್ಕು ಗಂಟೆಗೆ ಫೋನ್ ಬಂತು.

"ಅವನು ಮಲಗಿದ್ದಾನೆ ಯೊನೆ ಅವರೇ."

"ಮಲ್ಗಲಿ. ನಾಯಿ ಏನಾಯ್ತು?"

"ಅವನು ಎದ್ದಮೇಲೆ..."

"ನಿನ್ನೆ ಹೊಳೆ ಮಧ್ಯೆ ಬಿಟ್ಟಿದ್ದೀಯ ಅದನ್ನ. ಕುಂಟು ನಾಯಿ. ಹುಡುಗಿ ಈ ದಡದಲ್ಲಿ ನಿಂತು ಕೂಗ್ತಿದ್ದಾಳೆ. ನನಗೂ ಎಂಬತ್ನಾಲ್ಕು ಕಣಮ್ಮ, ನಾನೆಷ್ಟು ಕಾಯ್ಲಿ? ನೀನೇ ಹೇಳು."

"ನಾನು ಇತಿಹಾಸದವಳು. ನಡೆದದ್ದನ್ನ ಮಾತ್ರ ಹೇಳ್ತೀನಿ. ಕಟ್ಟಿ ಹೇಳೋದು ನನ್ನ ಕೆಲಸ ಅಲ್ಲ."

"ಹಂಗಾದ್ರೆ ನಡೆದಿದ್ದನ್ನೇ ಹೇಳು."

ನಾನು ಅಣ್ಣನ ಮುಖ ನೋಡಿದೆ. ಒಣಗಿದ ತುಟಿಗೆ ಒದ್ದೆ ಹತ್ತಿ ಮುಟ್ಟಿಸಿದೆ. ಆಮೇಲೆ ಫೋನನ್ನು ದಿಂಬಿನ ಮೇಲೆ, ಅವನ ಕಿವಿಯ ಹತ್ತಿರ ಇಟ್ಟು, ಬಗ್ಗಿ ಹೇಳತೊಡಗಿದೆ. ಹೊಳೆ ಅಗಲವಾಗಿತ್ತು. ಮೂರು ಕಾಲಿನಿಂದ ಈಜಬೇಕು. ನಾಯಿಗೆ ಸುಸ್ತಾಗಿತ್ತು, ತಲೆ ಒಮ್ಮೆ ಮುಳುಗಿತು, ಕೊಹಾಗಿ ಹೆಗಲ ಮೇಲಿನ ಪತ್ರದ ಪೆಟ್ಟಿಗೆಯನ್ನು ನೆಲಕ್ಕಿಟ್ಟಳು. ಅವಳು ಹಿಂದೆಂದೂ ಅದನ್ನು ನೆಲಕ್ಕಿಟ್ಟಿರಲಿಲ್ಲ.

"ಇಟ್ಬಿಟ್ಲಾ!" ಯೊನೆ ಅವರು ಕೂಗಿದರು.

ಇಟ್ಟಳು, ಎಂದೆ. ಇಟ್ಟು ನೀರಿಗೆ ಇಳಿದಳು.

ಆಗ ಅಣ್ಣನ ತುಟಿ ಅಲುಗಿತು. ಕಣ್ಣು ಮುಚ್ಚಿಯೇ ಇತ್ತು. ಕಿವಿಯನ್ನು ಬಾಯಿಯ ಹತ್ತಿರ ತಂದೆ.

"ನೀರು ತಣ್ಣಗಿದೆ," ಅಂದ. "ಹೇಳು."

ನೀರು ಕೊರೆಯುತ್ತಿತ್ತು ಎಂದು ಯೊನೆ ಅವರಿಗೆ ಹೇಳಿದೆ. ಬೆಟ್ಟದ ಹಿಮ ಕರಗಿ ಬಂದ ನೀರು, ಸೊಂಟದವರೆಗೆ ಬಂತು, ಎದೆಯವರೆಗೆ ಬಂತು, ಆದರೂ ಅವಳು ಹೋದಳು ಎಂದೆ. ಕತ್ತಲಾಗುವವರೆಗೆ ಹೇಳಿದೆ.